ಆಡುವವರ ಮುಖ ನೋಡಲು ಬಂದವರು

ವಿಡಿಯೋ ಗೇಮ್‌ಗಳ ಮೇಳ ಗೇಮ್ಸ್‌ಕಾಮ್‌ಗೆ ಹೋಗುತ್ತಿದ್ದೇನೆ ಅಂದಾಗೆಲ್ಲ ಶಿವಮೊಗ್ಗದ ಗೆಳೆಯರು ಕೇಳುವುದು ಒಂದೇ ಮಾತು. "ಟ್ರೇಲರ್ ಎಲ್ಲ ಯೂಟ್ಯೂಬ್‌ನಲ್ಲೇ ಬರುತ್ತಲ್ಲ ಮಾರಾಯ. ದುಡ್ಡು ಕೊಟ್ಟು ಕ್ಯೂನಲ್ಲಿ ನಿಲ್ಲೋಕೆ ಯಾಕೆ ಹೋಗ್ತೀಯ?"

ಕೇಳಬೇಕಾದ ಪ್ರಶ್ನೆಯೇ. ಹೊಸ ಗೇಮ್‌ಗಳ ಸುದ್ದಿ ಬೇಕು ಅಂದರೆ ಮನೆಯ ಸೋಫಾ ಸಾಕು. ಸದ್ದು ಚೆನ್ನಾಗಿ ಕೇಳುತ್ತದೆ, ಕಾಲೂ ನೋಯುವುದಿಲ್ಲ. ಮಂಗಳವಾರ ಸಂಜೆ ನಿರೂಪಕ ಜೆಫ್ ಕೀಲಿ ನಡೆಸಿಕೊಡುವ ಓಪನಿಂಗ್ ನೈಟ್ ಲೈವ್ ಅನ್ನುವ ಮೇಳದ ಆರಂಭದ ಕಾರ್ಯಕ್ರಮದಲ್ಲಿ ದೊಡ್ಡ ದೊಡ್ಡ ಘೋಷಣೆಗಳೆಲ್ಲ ಮುಗಿದುಹೋಗಿರುತ್ತವೆ. ಅದನ್ನು ಮೇಳ ನಡೆಯುವ ಕಲೋನ್‌ನಲ್ಲಿ ಕೂತವರು ನೋಡುವ ಹೊತ್ತಿಗೇ ಶಿವಮೊಗ್ಗದಲ್ಲಿ ಕೂತವರೂ ನೋಡಿರುತ್ತಾರೆ. ಆದರೂ ನಾನು ಹೋಗುತ್ತೇನೆ. ಮುಂದೆಯೂ ಹೋಗುತ್ತೇನೆ. ಯಾಕೆ ಅಂತ ಒಮ್ಮೆ ಸರಿಯಾಗಿ ಬರೆಯಬೇಕು ಅನಿಸಿತ್ತು.

ಗೊತ್ತಿಲ್ಲದವರಿಗೆ ಎರಡು ಮಾತು. ಗೇಮ್ಸ್‌ಕಾಮ್ ನಡೆಯುವುದು ಜರ್ಮನಿಯ ಕಲೋನ್‌ನಲ್ಲಿ, ಪ್ರತಿ ವರ್ಷ ಆಗಸ್ಟ್ ತಿಂಗಳಲ್ಲಿ. ಮೊದಲು ಇದೇ ಥರದ ಮೇಳ ಲೈಪ್‌ಜಿಗ್‌ನಲ್ಲಿ ಗೇಮ್ಸ್ ಕನ್ವೆನ್ಷನ್ ಅನ್ನುವ ಹೆಸರಿನಲ್ಲಿ 2002ರಿಂದ 2008ರವರೆಗೆ ನಡೆಯಿತು. 2009ರಲ್ಲಿ ಕಲೋನ್‌ನಲ್ಲಿ ಗೇಮ್ಸ್‌ಕಾಮ್ ಶುರುವಾಯಿತು. ಕೋವಿಡ್ ಬಂದ 2020, 2021ರಲ್ಲಿ ಬರೀ ಆನ್‌ಲೈನ್. 2022ರಲ್ಲಿ ಮತ್ತೆ ಬಾಗಿಲು ತೆರೆಯಿತು. 2025ರಲ್ಲಿ ಬಂದವರು 3,57,000 ಜನ. 2019ರ ದಾಖಲೆ ಇದಕ್ಕಿಂತ ದೊಡ್ಡದು, 3,73,000.

ನಾನಿರುವ ಡಸೆಲ್‌ಡಾರ್ಫ್‌ನಿಂದ ಅಲ್ಲಿಗೆ ರೈಲಿನಲ್ಲಿ ಅರ್ಧ ಗಂಟೆ. ಮೇಳದ ದಿನಗಳಲ್ಲಿ ಆ ರೈಲು ಬೇರೆಯೇ ರೈಲು. ದಿನವೂ ಲ್ಯಾಪ್‌ಟಾಪ್ ಬ್ಯಾಗ್ ಹಿಡಿದು ನಿಲ್ಲುವವರ ಪಕ್ಕದಲ್ಲಿ ನೀಲಿ ಕೂದಲಿನ ಹುಡುಗಿ, ಥರ್ಮಾಕೋಲ್ ರೆಕ್ಕೆ ಕಟ್ಟಿಕೊಂಡ ಹುಡುಗ. ರೆಕ್ಕೆ ಬಾಗಿಲಿಗೆ ಸಿಕ್ಕಿಕೊಂಡರೆ ನಾಲ್ಕು ಜನ ಸೇರಿ ಬಿಡಿಸುತ್ತಾರೆ. ಕಲೋನ್ ಮೆಸ್ಸೆ/ಡಾಯ್ಟ್ಸ್ ಅನ್ನುವ ಸ್ಟೇಷನ್‌ನಲ್ಲಿ ಇಳಿದರೆ ಮೇಳದ ಬಾಗಿಲು ಎದುರಿಗೇ ಇದೆ. ನಾನು ಮಾತ್ರ ಒಂದು ಸ್ಟೇಷನ್ ಮುಂದೆ ಹೋಗಿ, ದೊಡ್ಡ ಚರ್ಚಿನ ಹತ್ತಿರ ಇಳಿದು, ಹೋಹೆನ್‌ಜೊಲರ್ನ್ ಸೇತುವೆ ಮೇಲೆ ರೈನ್ ನದಿ ದಾಟಿ ನಡೆದು ಬರುತ್ತೇನೆ. ಸೇತುವೆಯ ಜಾಲರಿಗೆ ಪ್ರೇಮಿಗಳು ಬೀಗ ಹಾಕಿ ಹಾಕಿ ಅದು ಗೋಡೆಯೇ ಆಗಿಬಿಟ್ಟಿದೆ. ಒಳಗೆ ಹೋದ ಮೇಲೆ ಸಂಜೆಯವರೆಗೆ ಬಿಸಿಲು ಕಾಣುವುದು ಅಪರೂಪ, ಅದಕ್ಕೇ ಈ ನಡಿಗೆ.

ಒಳಗೆ ಹೋದ ಕೂಡಲೇ ಮಾಡಬೇಕಾದ ಮೊದಲ ಕೆಲಸ ಕೈಗೆ ಪಟ್ಟಿ ಕಟ್ಟಿಸಿಕೊಳ್ಳುವುದು. ಜರ್ಮನಿಯಲ್ಲಿ ಗೇಮ್‌ಗಳಿಗೆ ವಯಸ್ಸಿನ ಗುರುತು ಕೊಡುವ ಯುಎಸ್‌ಕೆ ಅನ್ನುವ ಸಂಸ್ಥೆ ಇದೆ. 12, 16, 18 ಹೀಗೆ. ಗುರುತಿನ ಚೀಟಿ ತೋರಿಸಿದರೆ ನಿಮ್ಮ ವಯಸ್ಸಿಗೆ ತಕ್ಕ ಬಣ್ಣದ ಪಟ್ಟಿ ಕಟ್ಟುತ್ತಾರೆ. 18ರ ಮೇಲಿನವರ ಗೇಮ್ ಇರುವ ಸ್ಟಾಲ್‌ಗಳಿಗೆ ಸುತ್ತ ಗೋಡೆ, ಹೊರಗಿನಿಂದ ಏನೂ ಕಾಣದು. ಬಾಗಿಲಲ್ಲಿ ಪಟ್ಟಿ ನೋಡಿಯೇ ಬಿಡುವುದು. ನನ್ನ ನರೆತ ಗಡ್ಡ ನೋಡಿಯೂ ಪಟ್ಟಿ ಕೇಳುತ್ತಾರೆ. ನನಗೆ ಈ ಕಟ್ಟುನಿಟ್ಟು ಇಷ್ಟ. ಮಕ್ಕಳನ್ನು ಕರೆದುಕೊಂಡು ಬಂದ ಅಪ್ಪ ಅಮ್ಮಂದಿರು ಅಷ್ಟು ಆರಾಮಾಗಿ ಓಡಾಡುವುದಕ್ಕೆ ಇದೂ ಒಂದು ಕಾರಣ.

ಇನ್ನು ಕ್ಯೂ. ದೊಡ್ಡ ಕಂಪನಿಗಳ ಹಾಲ್‌ಗಳಲ್ಲಿ ಒಂದು ಬೋರ್ಡ್ ಇರುತ್ತದೆ. ಇಲ್ಲಿಂದ 60 ನಿಮಿಷ, ಇಲ್ಲಿಂದ 120 ನಿಮಿಷ. ಕೆಲವು ಗೇಮ್‌ಗಳಿಗೆ ಅರ್ಧ ದಿನವೇ ಹೋಗುತ್ತದೆ. ಒಳಗೆ ಸಿಗುವುದು 15, 20 ನಿಮಿಷದ ಆಟ. ಲೆಕ್ಕ ಹಾಕಿದರೆ ಇದರಷ್ಟು ನಷ್ಟದ ವ್ಯವಹಾರ ಇನ್ನೊಂದಿಲ್ಲ. ಆದರೆ ಈ ಕ್ಯೂಗಳಲ್ಲಿ ಒಂದು ವಿಶೇಷ ನೋಡಿದ್ದೇನೆ. ರಟ್ಟಿನ ಸ್ಟೂಲ್. ಮಡಚಿದರೆ ಚಪ್ಪಟೆ, ಬಿಡಿಸಿದರೆ ಕೂರಬಹುದು. ಯಾವುದೋ ಕಂಪನಿ ತನ್ನ ಹೆಸರು ಅಚ್ಚು ಹಾಕಿಸಿ ಹಂಚಿರುತ್ತದೆ. ಸಾಲು ಒಂದು ಹೆಜ್ಜೆ ಮುಂದೆ ಹೋದಾಗ ನೂರಾರು ಜನ ಒಟ್ಟಿಗೆ ಎದ್ದು, ಸ್ಟೂಲ್ ಎತ್ತಿ, ಒಂದು ಹೆಜ್ಜೆ ಇಟ್ಟು, ಮತ್ತೆ ಕೂರುತ್ತಾರೆ. ಯಾರೂ ನುಗ್ಗುವುದಿಲ್ಲ. ಶೌಚಾಲಯಕ್ಕೆ ಹೋದವರ ಜಾಗವನ್ನು ಗುರುತಿಲ್ಲದ ಹಿಂದಿನವರೇ ಕಾಯುತ್ತಾರೆ.

ಒಮ್ಮೆ ನನ್ನ ಮುಂದೆ ಒಬ್ಬ ಅಪ್ಪ, ಅವರ ಮಗಳು. ಹುಡುಗಿಗೆ ಹದಿಮೂರೋ ಹದಿನಾಲ್ಕೋ ಇರಬೇಕು. ಇಬ್ಬರೂ ಹ್ಯಾಂಬರ್ಗ್‌ನಿಂದ ಬಂದಿದ್ದರು. ಅಪ್ಪನಿಗೆ ಗೇಮ್ ಗಂಧವೇ ಇಲ್ಲ. ಮಗಳು ಆ ಗೇಮ್‌ನ ಪೂರ್ತಿ ಕಥೆಯನ್ನು, ಯಾವ ರಾಜ್ಯಕ್ಕೆ ಯಾರು ಶತ್ರು ಅನ್ನುವುದರಿಂದ ಹಿಡಿದು ಅವರಿಗೆ ಹೇಳುತ್ತಾ ಹೋದಳು. ಅವರು ನಡುನಡುವೆ ಪ್ರಶ್ನೆ ಕೇಳುತ್ತಿದ್ದರು. ಒಳ್ಳೆಯ ಪ್ರಶ್ನೆಗಳೇ. ಎರಡು ಗಂಟೆ ಹೀಗೇ ನಡೆಯಿತು. ಹದಿಮೂರರ ಮಗಳು ಅಪ್ಪನ ಜೊತೆ ಎರಡು ಗಂಟೆ ಬಿಡದೆ ಮಾತಾಡುವುದು ಎಷ್ಟು ಮನೆಗಳಲ್ಲಿ ನಡೆಯುತ್ತದೆ ಹೇಳಿ? ಕ್ಯೂ ಕಡಿಮೆ ಇದ್ದಿದ್ದರೆ ಆ ಮಾತು ಅರ್ಧಕ್ಕೇ ನಿಲ್ಲುತ್ತಿತ್ತು.

ಆದರೂ ನಾನು ಹೋಗುವುದು ದೊಡ್ಡ ಸ್ಟಾಲ್‌ಗಳಿಗಾಗಿ ಅಲ್ಲ. ಇದನ್ನು ನೇರವಾಗಿ ಹೇಳಬೇಕು. ಬಹಳ ದೊಡ್ಡ ಸ್ಟಾಲ್‌ಗಳಲ್ಲಿ ನಿಮ್ಮ ಪಕ್ಕ ನಿಲ್ಲುವವರು ಆ ಗೇಮ್ ಮಾಡಿದವರಲ್ಲ, ಐದು ದಿನದ ಮಟ್ಟಿಗೆ ಕೆಲಸಕ್ಕೆ ಬಂದ ಕಾಲೇಜು ಹುಡುಗರು. ಪಾಪ, ಅವರಿಗೆ ಗೊತ್ತಿರುವುದು ಯಾವ ಬಟನ್ ಒತ್ತಬೇಕು, ಸಮಯ ಯಾವಾಗ ಮುಗಿಯಿತು ಅನ್ನುವುದಷ್ಟೇ. ಒಂದು ಕಡೆ ಬಹಳ ಹೊತ್ತು ಕಾದು ಒಳಗೆ ಹೋದರೆ ಆಡಲು ಏನೂ ಇರಲಿಲ್ಲ, ಕತ್ತಲೆ ಕೋಣೆಯಲ್ಲಿ ಒಂದು ವಿಡಿಯೋ ತೋರಿಸಿ ಟೀಶರ್ಟ್ ಕೊಟ್ಟು ಕಳಿಸಿದರು. ನನಗೆ ತುಂಬಾ ಬೇಜಾರಾಯಿತು. ಟೀಶರ್ಟ್‌ಗಾಗಿ ಬಂದವರಿಗೆ ಬೇಜಾರಾಗಿರಲಿಕ್ಕಿಲ್ಲ.

ನನ್ನ ಮೇಳ ಇರುವುದು 10.2 ಅನ್ನುವ ಹಾಲ್‌ನಲ್ಲಿ.

ಅಲ್ಲಿ ಇಂಡೀ ಅರೇನಾ ಬೂತ್ ಅಂತ ಒಂದು ದೊಡ್ಡ ಜಾಗವಿದೆ. ಸಣ್ಣ ತಂಡಗಳು, ಅಂದರೆ ಒಬ್ಬರು, ಇಬ್ಬರು, ಐದು ಜನ ಸೇರಿ ಮಾಡಿದ ಗೇಮ್‌ಗಳನ್ನು ಒಟ್ಟಿಗೆ ಇಡುತ್ತಾರೆ. ಒಂದು ಮೇಜು, ಒಂದು ಪರದೆ, ಒಂದು ಕಂಟ್ರೋಲರ್, ಹಿಂದೆ ಒಂದು ಬ್ಯಾನರ್. ಅಷ್ಟೇ. ಮತ್ತೆ, ಮೇಜಿನ ಪಕ್ಕದಲ್ಲಿ ಆ ಗೇಮ್ ಮಾಡಿದವರೇ ನಿಂತಿರುತ್ತಾರೆ.

ಒಂದು ಮೇಜಿನ ಮುಂದೆ ಕೂತೆ. ಹಳೆಯ ಮನೆಯೊಂದರಲ್ಲಿ ಲಾಟೀನುಗಳನ್ನು ಅತ್ತಿತ್ತ ಸರಿಸಿ ದಾರಿ ಹುಡುಕುವ ಗೇಮ್. ಬೆಳಕು ಬಿದ್ದ ನೆಲದ ಮೇಲೆ ಮಾತ್ರ ಕಾಲಿಡಬಹುದು. ಮೊದಲ ಎರಡು ಕೋಣೆ ಸಲೀಸಾಗಿ ದಾಟಿದೆ. ಮೂರನೆಯ ಕೋಣೆಯಲ್ಲಿ ಒಂದು ಕೆಂಪು ಪರದೆ ಇತ್ತು. ಅದರ ಹಿಂದೆ ಬಾಗಿಲು ಇರಲೇಬೇಕು ಅಂತ ನಾನು ಲಾಟೀನನ್ನು ಅತ್ತ ತಂದೆ. ಆಗಲಿಲ್ಲ. ಇನ್ನೊಂದು ಲಾಟೀನು ತಂದೆ. ಆಗಲಿಲ್ಲ. ಮೂಲೆಗೆ ಹೋಗಿ ಬಂದೆ, ಮತ್ತೆ ಅದೇ ಪರದೆ. ಪಕ್ಕದಲ್ಲಿ ನಿಂತಿದ್ದ ಹೆಣ್ಣುಮಗಳು ಒಂದು ಮಾತೂ ಆಡಲಿಲ್ಲ. ಅವರು ಸ್ಕ್ರೀನನ್ನೂ ನೋಡುತ್ತಿರಲಿಲ್ಲ. ನನ್ನ ಕೈ ನೋಡುತ್ತಿದ್ದರು, ಮುಖ ನೋಡುತ್ತಿದ್ದರು. ತಾನು ಮಾಡಿದ ಹೊಸ ಅಡುಗೆಯ ಮೊದಲ ತುತ್ತು ಬಾಯಿಗಿಟ್ಟವರನ್ನು ಅಡುಗೆಯವರು ನೋಡುತ್ತಾರಲ್ಲ, ಹಾಗೆ. ಅವರ ಕೈಯಲ್ಲಿ ಒಂದು ಸಣ್ಣ ನೋಟ್‌ಬುಕ್. ಹಾಳೆಯ ತುಂಬ ಗೀಟುಗಳು. ನಾನು ಮೂರನೇ ಸಲ ಪರದೆ ಹತ್ತಿರ ಹೋದಾಗ ಇನ್ನೊಂದು ಗೀಟು ಎಳೆದರು.

ಆಡಿ ಮುಗಿಸಿದ ಮೇಲೆ ಕೇಳಿದೆ, ಅದೇನು ಲೆಕ್ಕ ಅಂತ.

"ಆ ಕೆಂಪು ಪರದೆ ಹತ್ತಿರ ಹೋದವರ ಲೆಕ್ಕ" ಅಂದರು. "ಸುಮ್ನೆ ಚೆಂದಕ್ಕೆ ಅಂತ ಹಾಕಿದ್ದೆ. ಎಲ್ಲರೂ ಅಲ್ಲಿಗೇ ಹೋಗ್ತಿದ್ದಾರೆ. ನಾವು ಮಾಡುವವರಿಗೆ ಬಾಗಿಲು ಎಲ್ಲಿದೆ ಅಂತ ಮೊದಲೇ ಗೊತ್ತಿರುತ್ತಲ್ಲ, ಅದಕ್ಕೇ ಇಷ್ಟು ವರ್ಷ ನಮಗೆ ಇದು ಕಾಣಲೇ ಇಲ್ಲ."

"ಆಡುವಾಗ ಒಂದು ಮಾತು ಹೇಳಬಹುದಿತ್ತಲ್ಲ?"

"ಗೇಮ್ ತಗೊಂಡು ಮನೆಯಲ್ಲಿ ಆಡುವವರ ಪಕ್ಕ ನಾನು ಇರಲ್ಲ. ಹೇಳಿಬಿಟ್ಟರೆ ನನಗೇ ನಷ್ಟ."

ಶನಿವಾರ ಅದೇ ದಾರಿಯಲ್ಲಿ ಬಂದಾಗ ಮತ್ತೆ ಆ ಮೇಜಿನ ಹತ್ತಿರ ನಿಂತೆ. ಬೇರೆ ಯಾರೋ ಹುಡುಗ ಆಡುತ್ತಿದ್ದ. ಮೂರನೆಯ ಕೋಣೆ ಬಂತು. ಕೆಂಪು ಪರದೆ ಇರಲಿಲ್ಲ. ಆ ಜಾಗದಲ್ಲಿ ಬೂದು ಬಣ್ಣದ ಗೋಡೆ. ಹುಡುಗ ಒಂದು ಕ್ಷಣ ನಿಂತ, ಕೋಣೆಯ ಸುತ್ತ ನೋಡಿದ, ಮೇಲಿದ್ದ ಕಿಟಕಿ ಗಮನಿಸಿದ. ಲಾಟೀನು ಎತ್ತಿದ. ಮೇಜಿನ ಪಕ್ಕದಲ್ಲಿದ್ದವರ ಕೈಯಲ್ಲಿ ನೋಟ್‌ಬುಕ್ ಇತ್ತು, ಆದರೆ ಬರೆಯಲು ಏನೂ ಇರಲಿಲ್ಲ. ಹೋಟೆಲ್ ರೂಮಿನಲ್ಲಿ ರಾತ್ರಿ ಕೂತು ಬದಲಾಯಿಸಿ, ಬೆಳಿಗ್ಗೆ ಹೊಸದನ್ನು ಹಾಕಿಕೊಂಡು ಬಂದಿದ್ದರಂತೆ.

ಇದು ಯೂಟ್ಯೂಬ್‌ನಲ್ಲಿ ಬರುವುದಿಲ್ಲ. ನನ್ನಂಥ ಸಾಮಾನ್ಯ ಆಟಗಾರ ಒಂದು ಕೋಣೆಯಲ್ಲಿ ದಾರಿ ತಪ್ಪಿದ್ದು ಒಬ್ಬರ ಗೇಮ್‌ನ ಗೋಡೆಯನ್ನೇ ಬದಲಾಯಿಸಿತು. ದೊಡ್ಡ ಕಂಪನಿಗಳೂ ಜನರನ್ನು ಕೂರಿಸಿ ಆಡಿಸಿ ನೋಡುತ್ತವೆ, ಆದರೆ ಅದು ಮುಚ್ಚಿದ ಬಾಗಿಲ ಹಿಂದೆ. ಇಬ್ಬರ ತಂಡಕ್ಕೆ ಅಷ್ಟು ಹಣ ಎಲ್ಲಿಂದ ಬರಬೇಕು? ಅವರಿಗೆ ಐದು ದಿನದಲ್ಲಿ ಇಷ್ಟೊಂದು ಗುರುತಿಲ್ಲದ ಮುಖಗಳು ಸಿಗುವುದು ಇಲ್ಲಿ ಮಾತ್ರ.

ಇದೇ ಕಾರಣಕ್ಕೆ ಇ3 ಬಗ್ಗೆಯೂ ಒಂದು ಮಾತು ಹೇಳಬೇಕು. ನಾವೆಲ್ಲ ಸೈಬರ್ ಕೆಫೆಯಲ್ಲಿ ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ಕೌಂಟರ್ ಸ್ಟ್ರೈಕ್ ಆಡುತ್ತಿದ್ದ ಕಾಲದಲ್ಲಿ ಗೇಮ್ ಮೇಳ ಅಂದರೆ ಲಾಸ್ ಏಂಜಲೀಸ್‌ನ ಇ3. 1995ರಲ್ಲಿ ಶುರುವಾದದ್ದು. ಅದು ವ್ಯಾಪಾರದವರ, ಪತ್ರಕರ್ತರ ಮೇಳ. ಸಾಮಾನ್ಯ ಜನರಿಗೆ 15,000 ಟಿಕೆಟ್ ಮಾರಿದ್ದು 2017ರಲ್ಲಿ. ಅಷ್ಟರಲ್ಲಿ ಕಂಪನಿಗಳಿಗೆ ಒಂದು ವಿಷಯ ಗೊತ್ತಾಗಿತ್ತು. ನಿಂಟೆಂಡೋ 2011ರಿಂದಲೇ ತನ್ನ ಸುದ್ದಿಯನ್ನು ತಾನೇ ಆನ್‌ಲೈನ್‌ನಲ್ಲಿ ಹೇಳುತ್ತಿತ್ತು. 2019ರ ಇ3ಗೆ ಸೋನಿ ಬರಲೇ ಇಲ್ಲ. ಸಭಾಂಗಣದಲ್ಲಿ ಜನ ಸೇರಿದ ಕೊನೆಯ ಇ3 ಅದೇ ಆಯಿತು. 2023ರ ಡಿಸೆಂಬರ್‌ನಲ್ಲಿ ಶಾಶ್ವತವಾಗಿ ಮುಚ್ಚಿದೆವು ಅಂದರು. ಸುದ್ದಿ ಹೇಳುವುದೇ ಕೆಲಸವಾಗಿದ್ದ ಮೇಳಕ್ಕೆ, ಸುದ್ದಿ ಬೇರೆ ದಾರಿ ಹಿಡಿದ ಮೇಲೆ ಉಳಿಯಲು ಕಾರಣ ಇರಲಿಲ್ಲ. ಕಲೋನ್‌ನಲ್ಲೂ ವ್ಯಾಪಾರ ನಡೆಯುತ್ತದೆ, ಅದಕ್ಕೆ ಬೇರೆ ಹಾಲ್‌ಗಳೇ ಇವೆ, ನನ್ನ ಟಿಕೆಟ್‌ಗೆ ಅಲ್ಲಿ ಪ್ರವೇಶ ಇಲ್ಲ. ಆದರೆ ಮೇಳ ನಿಂತಿರುವುದು ರಟ್ಟಿನ ಸ್ಟೂಲ್ ಹಿಡಿದವರ ಮೇಲೆ.

2025ರಲ್ಲಿ ಇದರ ಒಂದು ಚೆಂದದ ರೂಪ ಕಂಡೆ. ಹಾಲೋ ನೈಟ್: ಸಿಲ್ಕ್‌ಸಾಂಗ್. ಆಸ್ಟ್ರೇಲಿಯಾದ ಅಡಿಲೇಡ್‌ನ ಟೀಮ್ ಚೆರ್ರಿ ಅನ್ನುವ ಪುಟ್ಟ ತಂಡದ ಗೇಮ್. ಬರುತ್ತದೆ ಅಂತ 2019ರಲ್ಲೇ ಹೇಳಿದ್ದರು, ಆಮೇಲೆ ವರ್ಷಗಟ್ಟಲೆ ಸದ್ದಿಲ್ಲ. ಆ ಸಲ ಎಕ್ಸ್‌ಬಾಕ್ಸ್ ಸ್ಟಾಲ್‌ನಲ್ಲಿ ಆಡಲು ಇಟ್ಟಿದ್ದರು. ನೂರಾರು ಕೋಟಿ ಸುರಿದ ಗೇಮ್‌ಗಳ ನಡುವೆ ಇದಕ್ಕೂ ಉದ್ದನೆಯ ಸಾಲು. ಗುರುವಾರ, ಆಗಸ್ಟ್ 21ಕ್ಕೆ, ಬಿಡುಗಡೆ ದಿನ ಹೇಳಿದರು. ಸೆಪ್ಟೆಂಬರ್ 4. ಬರೀ ಎರಡು ವಾರ! ಸುತ್ತಮುತ್ತ ಫೋನ್ ನೋಡುತ್ತಿದ್ದವರು ಒಬ್ಬರಿಗೊಬ್ಬರು ತೋರಿಸಿಕೊಂಡು ಕೂಗತೊಡಗಿದರು. ನನ್ನ ಪಕ್ಕದಲ್ಲಿದ್ದ ಪೋಲೆಂಡಿನ ಹುಡುಗ ನನ್ನ ಭುಜ ಹಿಡಿದು ಕುಣಿದ. ಗುರುತು ಪರಿಚಯ ಇಲ್ಲ. ನಾನೂ ಕುಣಿದೆ.

ಅದೇ 10.2ರಲ್ಲಿ ಹಳೆಯ ಕಂಪ್ಯೂಟರ್, ಗೇಮ್ ಯಂತ್ರಗಳ ಜಾಗವೂ ಇದೆ. ಕಾಮಡೋರ್ 64, ಅಮಿಗಾ, ಅಟಾರಿ. ಸಂಗ್ರಹಕಾರರು ಮನೆಯಿಂದ ಹೊತ್ತು ತಂದು, ಎಲ್ಲರೂ ಮುಟ್ಟಿ ಆಡಲಿ ಅಂತ ಬಿಡುತ್ತಾರೆ. 1982ರ ಯಂತ್ರದ ಮುಂದೆ ಆರು ವರ್ಷದ ಮಗು ಕೂತು ಜಾಯ್‌ಸ್ಟಿಕ್ ಎಳೆಯುವುದನ್ನು ನೋಡುವುದೇ ಒಂದು ಖುಷಿ. ನನಗೆ ಕಾಮಡೋರ್ ನೆನಪಿಲ್ಲ, ನಮ್ಮ ಮನೆಗಳಿಗೆ ಅದು ಬರಲೇ ಇಲ್ಲ. ನಮ್ಮದು ಟಿವಿಗೆ ಹಚ್ಚುವ ನಕಲಿ ಕನ್ಸೋಲ್, ಹಳದಿ ಕ್ಯಾಸೆಟ್, ಅದರೊಳಗೆ ಮಾರಿಯೋ, ಕಾಂಟ್ರಾ. ಹಳದಿ ಕ್ಯಾಸೆಟ್ ಊದಿ ಹಾಕುತ್ತಿದ್ದೆವು ಅಂತ ಅಲ್ಲಿನ ಒಬ್ಬ ಹಿರಿಯರಿಗೆ ಹೇಳಿದೆ. ಅವರು ಜೋರಾಗಿ ನಕ್ಕು, ನಾವೂ ಊದುತ್ತಿದ್ದೆವು ಅಂದರು.

ಬೆಂಗಳೂರಿನಲ್ಲಿ ನನ್ನ ಹಳೆಯ ಗೆಳತಿಯೊಬ್ಬಳಿದ್ದಾಳೆ. ಗೇಮ್ ಆರ್ಟಿಸ್ಟ್. ಹೊರದೇಶದ ಗೇಮ್‌ಗಳಿಗೆ ಕಲ್ಲಿನ ಗೋಡೆ, ಮರದ ಬಾಗಿಲು, ಸಂತೆಯ ಅಂಗಡಿ, ಬೀದಿಯ ಕಂಬ ಇಂಥವನ್ನು ಮಾಡುವುದು ಅವಳ ಕೆಲಸ. ಒಂದು ಬಾಗಿಲಿಗೆ ವಾರಗಟ್ಟಲೆ ಕೂರುತ್ತಾಳೆ. ತುಕ್ಕು ಎಲ್ಲಿ ಹಿಡಿದಿರಬೇಕು, ಕೈ ತಾಗಿ ತಾಗಿ ಬಣ್ಣ ಎಲ್ಲಿ ಹೋಗಿರಬೇಕು ಅಂತ ಯೋಚಿಸುತ್ತಾಳೆ. ಬೆಂಗಳೂರಿಗೆ ಈ ಕೆಲಸ ಹೊಸದಲ್ಲ. ರಾಜೇಶ್ ರಾವ್ ಅವರು ಧ್ರುವ ಇಂಟರಾಕ್ಟಿವ್ ಅನ್ನುವ ಗೇಮ್ ಕಂಪನಿ ಶುರು ಮಾಡಿದ್ದು 1997ರಲ್ಲೇ. 2019ರಲ್ಲಿ ಅದನ್ನು ಅಮೆರಿಕದ ದೊಡ್ಡ ಗೇಮ್ ಕಂಪನಿ ರಾಕ್‌ಸ್ಟಾರ್ ಕೊಂಡುಕೊಂಡಿತು. ಕರ್ನಾಟಕ ಸರ್ಕಾರ ಅನಿಮೇಷನ್, ಗೇಮಿಂಗ್ ಕ್ಷೇತ್ರಕ್ಕೆ ಅಂತ 2012ರಲ್ಲೇ ಪ್ರತ್ಯೇಕ ನೀತಿ ತಂದಿತ್ತು. ಕಲೋನ್‌ನ ದೊಡ್ಡ ಪರದೆಗಳ ಮೇಲೆ ಕಾಣುವ ಎಷ್ಟೋ ಕಾರು, ಮರ, ಕಿಟಕಿಗಳು ನಮ್ಮ ಊರಿನ ಯಾವುದೋ ಕಟ್ಟಡದ ಮೂರನೇ ಮಹಡಿಯಲ್ಲಿ ಹುಟ್ಟಿರುತ್ತವೆ. ಮಾಡಿದವರು ಅದನ್ನು ಯಾರು ಹೇಗೆ ನೋಡಿದರು ಅನ್ನುವುದನ್ನು ಕಾಣುವುದೇ ಇಲ್ಲ.

ಅವಳು ಕೆಲಸ ಮಾಡಿದ ಒಂದು ಗೇಮ್ ಮೇಳಕ್ಕೆ ಬಂದಿತ್ತು. "ಜನ ಆಡುವಾಗ ನೋಡು. ಸಂತೆಯ ಬೀದಿ ಬರುತ್ತೆ, ಅಲ್ಲಿ ಏನ್ಮಾಡ್ತಾರೆ ಅಂತ ಹೇಳು" ಅಂತ ಮೆಸೇಜ್ ಹಾಕಿದ್ದಳು. ಗೋಡೆ ಕಟ್ಟಿದ ಸ್ಟಾಲ್ ಅದು, ಒಳಗೆ ಫೋಟೋ, ವಿಡಿಯೋ ತೆಗೆಯುವಂತಿಲ್ಲ. ನನ್ನ ಸರದಿಯ ಆಟ ಮುಗಿಸಿ, ಹೊರಗೆ ಹೋಗುವ ದಾರಿಯಲ್ಲಿ ಆದಷ್ಟು ನಿಧಾನ ಮಾಡಿ, ಬೇರೆಯವರು ಆಡುವುದನ್ನು ನೋಡಿದೆ. ಸಂಜೆ ಅವಳಿಗೆ ಫೋನ್ ಮಾಡಿ ಹೇಳಿದೆ. ಹೆಚ್ಚಿನವರು ಸಂತೆಯ ಬೀದಿಯಲ್ಲಿ ಓಡಿಯೇ ಹೋದರು. ಸಮಯ ಕಮ್ಮಿ ಅಲ್ವಾ. ಒಬ್ಬ ಹೆಂಗಸು ಮಾತ್ರ ನಿಂತರು. ಮಡಕೆ ಅಂಗಡಿಯ ಮುಂದೆ ಕ್ಯಾಮೆರಾ ತಿರುಗಿಸಿ, ಹತ್ತಿರ ಹೋಗಿ, ಒಂದೊಂದೇ ಮಡಕೆ ನೋಡಿದರು. ಶತ್ರುಗಳು ಬಂದು ಹೊಡೆಯುವವರೆಗೂ ನೋಡುತ್ತಲೇ ಇದ್ದರು.

"ಯಾವ ಮಡಕೆ? ಎಡಗಡೆ ಸಾಲಿಂದಾ?" ಅಂತ ಕೇಳಿದಳು. ಎಡಗಡೆಯದೇ. ಅದರಲ್ಲಿ ಒಂದಕ್ಕೆ ಸಣ್ಣ ಬಿರುಕು ಇದೆ, ಅದನ್ನು ಅವರು ನೋಡಿದರಾ ಅಂತ ಕೇಳಿದಳು. ಅದು ನನಗೆ ಗೊತ್ತಾಗಿರಲಿಲ್ಲ. ಆಮೇಲೆ ಅರ್ಧ ಗಂಟೆ ಆ ಮಡಕೆಗಳ ಬಗ್ಗೆಯೇ ಮಾತಾಡಿದಳು. ಅವಳ ಅಜ್ಜಿಯ ಊರಿನ ಕುಂಬಾರರ ಮನೆ ನೆನಪಿಟ್ಟುಕೊಂಡು ಮಾಡಿದ್ದಂತೆ.

ಇಂಥ ಮೇಳ ನಮ್ಮಲ್ಲೂ ಬೇಕು ಅನ್ನುವುದು ನನ್ನ ದೊಡ್ಡ ಆಸೆ. ನಮ್ಮ ದೇಶದಲ್ಲೂ ಗೇಮ್ ಮಾಡುವವರ ಸಮ್ಮೇಳನ ನಡೆಯುತ್ತದೆ, ಬೆಂಗಳೂರಿನಲ್ಲಿ ಅನಿಮೇಷನ್, ಗೇಮಿಂಗ್‌ನವರ ಗ್ಯಾಫ್ಎಕ್ಸ್ ಸಮ್ಮೇಳನ ಇದೆ. ಒಳ್ಳೆಯ ಕೆಲಸಗಳೇ. ಆದರೆ ಅಲ್ಲಿ ಹೆಚ್ಚಾಗಿ ಮಾತಾಡುವುದು ಮಾಡುವವರು ಮಾಡುವವರ ಜೊತೆ. ಶನಿವಾರ ಅಪ್ಪನ ಕೈ ಹಿಡಿದು ಬರುವ ಹುಡುಗಿ, ಪಿಯುಸಿ ಹುಡುಗರ ಗುಂಪು, ಸುಮ್ನೆ ನೋಡೋಣ ಅಂತ ಬಂದ ಅಜ್ಜ, ಇವರೆಲ್ಲ ಕೂತು ಆಡುವ, ಮಾಡಿದವರು ಪಕ್ಕ ನಿಂತು ನೋಡುವ ಜಾಗ ಬೇಕು. ಟೊರಾಂಟೋದ ಸಣ್ಣ ತಂಡವೊಂದು ಕೆನಡಾಕ್ಕೆ ಬಂದ ತಮಿಳು ಕುಟುಂಬದ ಅಡುಗೆಮನೆಯ ಮೇಲೆ ವೆಂಬ ಅನ್ನುವ ಗೇಮ್ ಮಾಡಿ 2023ರಲ್ಲಿ ಬಿಟ್ಟಿತು. ಇಡ್ಲಿಯಂಥ ಅಡುಗೆ ಮಾಡುವುದೇ ಅದರಲ್ಲಿ ಆಟ. ಲೋಕದ ಎಲ್ಲೆಲ್ಲಿನವರೋ ಆಡಿದರು. ಕನ್ನಡದಲ್ಲಿ ಮಾತಾಡುವ ಪಾತ್ರಗಳ ಗೇಮ್ ಮಾಡಬೇಕು ಅಂತಿರುವವರು ಬೆಂಗಳೂರು, ಮೈಸೂರು, ಹುಬ್ಬಳ್ಳಿಯಲ್ಲಿ ಖಂಡಿತ ಇದ್ದಾರೆ. ಅವರಿಗೆ ಮೊದಲು ಬೇಕಾದದ್ದು ಗುರುತಿಲ್ಲದ ಕನ್ನಡದ ಮುಖಗಳು, ಒಂದು ಮೇಜು, ಒಂದು ನೋಟ್‌ಬುಕ್.

ಮುಂದಿನ ಮೇಳ 2026ರ ಆಗಸ್ಟ್ 26ರಿಂದ 30. ಯುರೋಪಿನಲ್ಲಿರುವ ಕನ್ನಡಿಗರು ಯಾರಾದರೂ ಹೋಗುವುದಾದರೆ ಟಿಕೆಟ್ ಮೊದಲೇ ಆನ್‌ಲೈನ್‌ನಲ್ಲಿ ತಗೊಳ್ಳಿ. ಶನಿವಾರದ್ದು ಬೆಲೆಯೂ ಜಾಸ್ತಿ, ಬೇಗ ಖಾಲಿಯೂ ಆಗುತ್ತದೆ. ಗುರುವಾರ ಒಳ್ಳೆಯದು. ಹಳೆಯ ಶೂ ಹಾಕಿಕೊಳ್ಳಿ, ನೀರಿನ ಬಾಟಲಿ ಇರಲಿ. ದೊಡ್ಡ ಸಾಲಿನಲ್ಲಿ ನಿಲ್ಲುವ ಮೊದಲು 10.2ಕ್ಕೆ ಹೋಗಿ, ಯಾರೂ ಕೂತಿರದ ಒಂದು ಮೇಜು ಹುಡುಕಿ ಆಡಿ, ಎಲ್ಲಿ ಬೇಜಾರಾಯಿತು ಅಂತ ಮಾಡಿದವರಿಗೆ ಹೇಳಿ. ಆದಷ್ಟು ಮೊದಲ ದಿನಗಳಲ್ಲೇ ಹೇಳಿ. ಭಾನುವಾರದ ಹೊತ್ತಿಗೆ ಅವರ ಗಂಟಲು ಕೂತಿರುತ್ತದೆ, ಗೋಡೆ ಬದಲಾಯಿಸಲು ರಾತ್ರಿಯೂ ಉಳಿದಿರುವುದಿಲ್ಲ.